ವಿಧವೆಯ ಇಬ್ಬರು ಮಕ್ಕಳು

ಧ್ಯಾನಕ್ಕೆ ಆಧಾರವಾದ ವೇದಭಾಗ: ಅರಸುಗಳ ಎರಡನೆಯ ಪುಸ್ತಕ, 4ನೇ ಅಧ್ಯಾಯ, 1ರಿಂದ 7ರ ವರೆಗಿನ ವಚನಗಳು.



ಅಗಸ್ಟ್ 31ನೇ ತಾರೀಖಾಗಲಿ ಸಪ್ಟಂಬರ್ 30ನೇ ತಾರೀಖಾಗಲಿ ನಮ್ಮ ಸಭೆಯ ಹಬ್ಬದ ದಿನಗಳಲ್ಲಿ ಸೇರಿದವುಗಳಲ್ಲ. ಆದರೂ ಮೊದಲನೆಯದು ನಮ್ಮ ದೇಶದಲ್ಲಿಯೂ ಎರಡನೆಯದು ಸಮುದ್ರದಾಚೆಯ ಕೆನಡಾ ದೇಶದಲ್ಲಿಯೂ ನೊಂದ ಜನರು ತಮ್ಮ ಹಿಂದಿನ ಕಾಲವನ್ನು ನೆನಸುವ ದಿನಗಳಾಗಿರುತ್ತವೆ. ಈ ಎರಡು ದಿನಗಳ ಹಿಂದೆ ಒಂದೇ ತೆರದ ದುಃಖವುಂಟು. ಅದೇನಂದರೆ, ಬದುಕಿರುವ ತಂದೆತಾಯಿಗಳ ಕೈಯಿಂದ ಮಕ್ಕಳನ್ನು ಕಾಯಿದೆಯ ಬಲದಿಂದ ತೆಗೆದುಕೊಳ್ಳುವ ಅಧಿಕಾರವು ನಡೆದದ್ದು. ಮತ್ತು ಆ ಕೆಲಸದಲ್ಲಿ ಕ್ರಿಸ್ತನ ಹೆಸರನ್ನು ಧರಿಸಿದವರೂ ಪಾಲುಗಾರರಾದದ್ದು. ಆದಕಾರಣ ಇದು ಕೇವಲ ಸರಕಾರದವರ ಸಂಗತಿಯಲ್ಲ, ಸಭೆಯ ಸಂಗತಿಯೂ ಆಗಿರುವದರಿಂದ, ದೇವರ ವಾಕ್ಯದ ಬೆಳಕಿನಲ್ಲಿ ಇದನ್ನು ವಿಚಾರಿಸೋಣ.

ಮೇಲೆ ಹೇಳಿದ ವೇದಭಾಗದಲ್ಲಿ ಒಬ್ಬ ವಿಧವೆಯನ್ನು ಕಾಣುತ್ತೇವೆ. ಆಕೆಯ ಗಂಡನು ಪ್ರವಾದಿಗಳ ಮಂಡಲಿಗೆ ಸೇರಿದವನು, ದೇವರಿಗೆ ಭಯಪಡುವವನು. ಅವನು ಸತ್ತು ಹೋದನು. ಸಾಲ ಮಾತ್ರ ಸಾಯಲಿಲ್ಲ. ಸಾಲಕೊಟ್ಟವನು ಬಂದು ಆಕೆಯ ಇಬ್ಬರು ಮಕ್ಕಳನ್ನು ತನ್ನ ದಾಸರನ್ನಾಗಿ ಒಯ್ಯುವದಕ್ಕೆ ಬಾಗಲಲ್ಲಿ ನಿಂತಿದ್ದಾನೆ. ಇಲ್ಲಿ ನಾವು ಚೆನ್ನಾಗಿ ಗಮನಿಸತಕ್ಕದ್ದೇನಂದರೆ, ಈ ಮನುಷ್ಯನು ಕಳ್ಳನಲ್ಲ, ದರೋಡೆಗಾರನಲ್ಲ. ಆ ಕಾಲದ ರೂಢಿಯು ಅವನ ಪಕ್ಷದಲ್ಲಿತ್ತು. ಅವನ ಕೈಯಲ್ಲಿ ಲೆಕ್ಕದ ಪತ್ರವಿತ್ತು. ಆದರೆ ಮನುಷ್ಯರ ಲೆಕ್ಕದಲ್ಲಿ ಸರಿಯಾಗಿ ಕಂಡದ್ದೆಲ್ಲಾ ದೇವರ ಸಮ್ಮುಖದಲ್ಲಿ ಸರಿಯಾಗಿರುವದಿಲ್ಲ ಎಂಬದನ್ನು ಆ ತಾಯಿಯ ಕೂಗು ತೋರಿಸಿಕೊಡುತ್ತದೆ.

ಮೊದಲನೆಯದಾಗಿ, ನಮ್ಮ ದೇಶದಲ್ಲಿ ಕಾಯಿದೆಯು ಬಾಗಲಲ್ಲಿ ಬಂದು ನಿಂತ ಬಗೆಯನ್ನು ತಿಳಿದುಕೊಳ್ಳುವದು ಅವಶ್ಯ.

1871ನೇ ಇಸವಿಯಲ್ಲಿ ಬ್ರಿಟಿಷ್ ಸರಕಾರವು ಅಪರಾಧಿ ಬುಡಕಟ್ಟುಗಳ ಕಾಯಿದೆ ಎಂಬದನ್ನು ಮಾಡಿತು. ಇದರ ಮೂಲಕ ಒಂದು ಇಡೀ ಜನಾಂಗವನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಸಾರುವದಕ್ಕೆ ಅಧಿಕಾರವಾಯಿತು. ಹಾಗೆ ಸಾರಿದ್ದನ್ನು ಯಾವ ನ್ಯಾಯಾಲಯವೂ ಪ್ರಶ್ನಿಸಕೂಡದೆಂದು ಅದೇ ಕಾಯಿದೆಯಲ್ಲಿ ಬರೆದಿಟ್ಟರು. ಮೊದಲು ಉತ್ತರ ಹಿಂದುಸ್ಥಾನಕ್ಕೆ ಮಾತ್ರ ಸಂಬಂಧಿಸಿದ್ದ ಈ ಕಾಯಿದೆಯು 1911ನೇ ಇಸವಿಯಲ್ಲಿ ಬ್ರಿಟಿಷ್ ಹಿಂದುಸ್ಥಾನಕ್ಕೆಲ್ಲಾ ಹಬ್ಬಿತು. 1924ರಲ್ಲಿ ಪುನಃ ಕ್ರಮಪಡಿಸಲ್ಪಟ್ಟಿತು. ಆಗ ನಮ್ಮ ಉತ್ತರ ಕನ್ನಡ ಜಿಲ್ಲೆಯೂ ಧಾರವಾಡ, ವಿಜಾಪುರ, ಬೆಳಗಾವಿ ಜಿಲ್ಲೆಗಳೂ ಮುಂಬಯಿ ಇಲಾಖೆಗೆ ಸೇರಿದ್ದವು. ಬುಟ್ಟಿ ಹೆಣೆಯುವವರೂ, ಕತ್ತೆಗಳ ಮೇಲೆ ಉಪ್ಪು ಕಾಳು ಹೇರಿಕೊಂಡು ಊರೂರು ತಿರುಗಿ ವ್ಯಾಪಾರ ಮಾಡುವವರೂ ಆದ ಕೊರಮ ಕೊರಚರು, ಹರಣಶಿಕಾರಿಗಳು, ಗಂಟಿಚೋರರು, ಕಂಜರಭಾಟರು ಮೊದಲಾದವರು ಈ ಕಾಯಿದೆಯ ಕೆಳಗೆ ಬಿದ್ದರು. ರೈಲು ಬಂಡಿಯೂ ದೊಡ್ಡ ವ್ಯಾಪಾರವೂ ಬಂದ ಮೇಲೆ ಕತ್ತೆಯ ಮೇಲಿನ ಉಪ್ಪಿಗೆ ಗಿರಾಕಿಗಳು ಕಡಿಮೆಯಾಗಿದ್ದರು. ಜೀವನವನ್ನು ಕಳಕೊಂಡವರಿಗೆ ಈಗ ಮಾನವೂ ಹೋಯಿತು. ಅವರಲ್ಲಿ ಅಪರಾಧ ಮಾಡಿದವರು ಇದ್ದಿರಬಹುದು. ಯಾವ ಜಾತಿಯಲ್ಲಿ ಇಲ್ಲ? ಆದರೆ ಒಬ್ಬನ ತಪ್ಪಿಗೆ ತೊಟ್ಟಲಲ್ಲಿರುವ ಕೂಸನ್ನೂ ಅಪರಾಧಿಯೆಂದು ಬರಕೊಳ್ಳುವದು ಯಾವ ನ್ಯಾಯ? ತಂದೆಯ ಪಾಪದ ಫಲವನ್ನು ಮಗನು ಹೊರಬೇಕಾಗಿಲ್ಲವೆಂದು ದೇವರು ಯೆಹೆಜ್ಕೇಲ ಪ್ರವಾದಿಯ ಮುಖಾಂತರ ಹದಿನೆಂಟನೆಯ ಅಧ್ಯಾಯದಲ್ಲಿ ಸ್ಪಷ್ಟವಾಗಿ ತಿಳಿಸಿದ್ದಾನಲ್ಲವೇ?

ಇವರನ್ನು ಒಂದೇ ಸ್ಥಳದಲ್ಲಿ ಕೂಡಿಹಾಕುವದಕ್ಕೋಸ್ಕರ ವಿಜಾಪುರ, ಹುಬ್ಬಳ್ಳಿ, ಗದಗ ಮೊದಲಾದ ಊರುಗಳಲ್ಲಿ ಸೆಟ್ಲಮೆಂಟುಗಳನ್ನು ಕಟ್ಟಿದರು. ಬೆರಳಚ್ಚು ಕೊಡಬೇಕು, ಹಾಜರಿಗೆ ನಿಲ್ಲಬೇಕು, ಪಾಸು ಇಲ್ಲದೆ ಹೊರಗೆ ಕಾಲಿಡಬಾರದು. ಹುಬ್ಬಳ್ಳಿಯಲ್ಲಿ ಒಂದು ಭಾಗವನ್ನು ಜನರು ಇಂದಿಗೂ ಸೆಟ್ಲಮೆಂಟ್ ಎಂದೇ ಕರೆಯುತ್ತಾರೆ. ಅರಬೈಲು ಘಟ್ಟವನ್ನು ಹತ್ತಿ ಹುಬ್ಬಳ್ಳಿಗೆ ಹೋಗಿ ಬರುವ ನಮ್ಮವರು ಆ ಹೆಸರನ್ನು ಕೇಳಿರುತ್ತಾರೆ. ಅದು ಯಾಕೆ ಬಂತೆಂಬದನ್ನು ಕೇಳಿದವರು ಕಡಿಮೆ.

ಈ ಕಾಯಿದೆಯಲ್ಲಿ ಅತ್ಯಂತ ಕಠಿನವಾದ ಮಾತು ಮಕ್ಕಳನ್ನು ಕುರಿತದ್ದಾಗಿತ್ತು. 1897ರ ತಿದ್ದುಪಡಿಯು ನಾಲ್ಕು ವರುಷದಿಂದ ಹದಿನೆಂಟು ವರುಷದ ವರೆಗಿನ ಹುಡುಗರನ್ನು ತಂದೆತಾಯಿಗಳಿಂದ ದೂರಮಾಡಿ ಪ್ರತ್ಯೇಕವಾದ ತಿದ್ದುವ ಸ್ಥಳಗಳಲ್ಲಿ ಇಡುವದಕ್ಕೆ ಸರಕಾರಕ್ಕೆ ಅಧಿಕಾರ ಕೊಟ್ಟಿತು. 1911ರ ಮತ್ತು 1924ರ ಕಾಯಿದೆಗಳು ಮಕ್ಕಳನ್ನು ಅಗಲಿಸಿ ಶಾಲೆಗಳಿಗೆ ಒಯ್ಯುವ ಆ ಅಧಿಕಾರವನ್ನು ಉಳಿಸಿಕೊಂಡವು. ಪ್ರಿಯರೇ, ನಾಲ್ಕು ವರುಷವೆಂದರೆ ಎಷ್ಟು? ತಾಯಿಯ ಸೆರಗನ್ನು ಹಿಡಿದು ನಡೆಯುವ ಪ್ರಾಯ. ಸಂಜೆಯಾದರೆ ತಾಯಿ ಎಲ್ಲಿ ಎಂದು ಅಳುವ ಪ್ರಾಯ. ಅಂಥ ಮಗುವಿನ ಅಪರಾಧವು ಯಾವದು? ಇಂಥ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದ್ದೇ ಅದರ ಅಪರಾಧ.

ಎರಡನೆಯದಾಗಿ, ಒಳ್ಳೇ ಮನಸ್ಸಿನವರೂ ಈ ದಾರಿಯಲ್ಲಿ ಹೇಗೆ ನಡೆದರೆಂಬದನ್ನು ನೋಡೋಣ.

ಸೆಟ್ಲಮೆಂಟುಗಳನ್ನು ನಡಿಸುವದಕ್ಕೆ ಸರಕಾರವು ಮಿಷನ್ನುಗಳನ್ನು ಕರೆಯಿತು. ರಕ್ಷಣಾಸೈನ್ಯದವರು 1908ರಿಂದ ಉತ್ತರ ಹಿಂದುಸ್ಥಾನದಲ್ಲಿ ಈ ಕೆಲಸವನ್ನು ಕೈಗೊಂಡರು; ಮುಂದೆ ತೆಲುಗು ಸೀಮೆಯ ಸ್ಟುವರ್ಟ್‌ಪುರದಲ್ಲಿ, ನಮ್ಮ ಕೊರಮ ಕೊರಚರ ಬಳಗವೇ ಆದ ಯೆರುಕಲರನ್ನು ನೋಡಿಕೊಂಡರು. ಸೊಲ್ಲಾಪುರದ ಸೆಟ್ಲಮೆಂಟು ಅಮೇರಿಕನ್ ಮರಾಠಿ ಮಿಷನ್ನಿನವರ ಕೈಯಲ್ಲಿತ್ತು. ಇವರೆಲ್ಲರೂ ಕ್ರೂರ ಹೃದಯದವರಾಗಿದ್ದರೆಂದು ನಾವು ಹೇಳುವದಿಲ್ಲ. ಅವರಲ್ಲಿ ಅನೇಕರು ತಮ್ಮ ಆರೋಗ್ಯವನ್ನೂ ಪ್ರಾಯವನ್ನೂ ಈ ಜನರಿಗೋಸ್ಕರ ಸವೆಸಿದರು. ಅಕ್ಷರವನ್ನು ಕಲಿಸಿದರು, ರೋಗಿಗಳನ್ನು ಆರೈಕೆಮಾಡಿದರು. ಆದರೆ ಒಂದು ಆಲೋಚನೆಯು ಅವರಲ್ಲಿ ಅನೇಕರ ಬುದ್ಧಿಯನ್ನು ಕವಿದಿತ್ತು. ದೊಡ್ಡವರನ್ನು ತಿದ್ದಲಿಕ್ಕಾಗದು, ಮಕ್ಕಳನ್ನಾದರೂ ಅವರಿಂದ ಬಿಡಿಸಿದರೆ ಉದ್ಧಾರವಾದೀತು ಎಂಬದೇ ಆ ಆಲೋಚನೆ. ಇದು ದಯೆಯ ಮಾತಾಗಿ ಕೇಳಿಸುತ್ತದೆ. ಆದರೆ ಇದರೊಳಗೆ ಒಂದು ತೀರ್ಪು ಅಡಗಿರುತ್ತದೆ: ಆ ತಾಯಿಯ ಮನೆಯಲ್ಲಿ ಒಳ್ಳೇದೇನೂ ಇಲ್ಲವೆಂಬ ತೀರ್ಪು.

ಇಲ್ಲಿ ನಾವು ಎಲೀಷನನ್ನು ನೋಡಬೇಕು. ಅವನು ಏನು ಮಾಡಬಹುದಾಗಿತ್ತು? ಪ್ರವಾದಿಗಳ ಶಿಷ್ಯರು ಕೂಡಿ ವಾಸಿಸುವ ಸ್ಥಳಗಳು ಅವನ ಅಧೀನದಲ್ಲಿದ್ದವು. ಆ ಹುಡುಗರಿಬ್ಬರನ್ನು ಅಲ್ಲಿಗೆ ಕರಕೊಂಡು ಹೋಗಿ, ಅನ್ನ ಬಟ್ಟೆ ಕೊಟ್ಟು, ವೇದವನ್ನು ಕಲಿಸಿ, ತನ್ನ ಹಾಗೆಯೇ ದೇವಸೇವಕರನ್ನಾಗಿ ಮಾಡಬಹುದಾಗಿತ್ತು. ಹಾಗೆ ಮಾಡಿದ್ದರೆ ಸಾಲಗಾರನ ಕೈಯಿಂದ ಮಕ್ಕಳು ತಪ್ಪಿಕೊಳ್ಳುತ್ತಿದ್ದರು. ಆದರೆ ತಾಯಿಯ ಮನೆ ಎರಡು ವಿಧದಲ್ಲಿಯೂ ಬರಿದಾಗುತ್ತಿತ್ತು. ಪ್ರವಾದಿಯು ಆ ದಾರಿಯನ್ನು ಹಿಡಿಯಲಿಲ್ಲ. ನಿನಗೋಸ್ಕರ ನಾನು ಏನು ಮಾಡಲಿ ಎಂದು ಆಕೆಯನ್ನೇ ವಿಚಾರಿಸಿದನು. ಬಳಿಕ ಆಕೆಯ ಮನೆಯಲ್ಲಿ ಏನಿದೆಯೆಂದು ಕೇಳಿದನು. ಬಡವರ ಮನೆಯಲ್ಲಿ ಏನಿಲ್ಲವೆಂದು ಎಣಿಸುವವರು ಬಹಳ ಮಂದಿ. ಏನುಂಟೆಂದು ಕೇಳುವವರು ಅಪೂರ್ವ. ಇದ್ದದ್ದು ಒಂದು ಕುಡಿಕೆ ಎಣ್ಣೆ. ದೇವರು ಅಲ್ಲಿಂದಲೇ ಆರಂಭಿಸಿದನು. ನೆರೆಯವರು ತಮ್ಮ ಪಾತ್ರೆಗಳನ್ನು ಕೊಟ್ಟರು. ಬಾಗಲು ಮುಚ್ಚಲ್ಪಟ್ಟಿತು, ಒಳಗೆ ತಾಯಿಯೂ ಇಬ್ಬರು ಮಕ್ಕಳೂ. ಮಕ್ಕಳು ಪಾತ್ರೆಗಳನ್ನು ತಂದುಕೊಟ್ಟರು, ತಾಯಿ ಹೊಯ್ದಳು. ಆ ಅದ್ಭುತ ನಡೆಯುವಾಗ ಪ್ರವಾದಿಯು ಸಹ ಹೊರಗೆಯೇ ಇದ್ದನು. ಕಡೆಯಲ್ಲಿ ಸಾಲ ತೀರಿತು. ಮಿಕ್ಕದ್ದರಿಂದ ತಾಯಿಯೂ ಮಕ್ಕಳೂ ಕೂಡಿ ಬದುಕಿದರು. ಮಕ್ಕಳನ್ನು ಮನೆಯಿಂದ ಉದ್ಧರಿಸುವದಲ್ಲ, ಮನೆಯನ್ನೇ ಮಕ್ಕಳ ಸಂಗಡ ಉದ್ಧರಿಸುವದು ದೇವರ ಮಾರ್ಗವಾಗಿರುತ್ತದೆ.

ನಮ್ಮ ಕರ್ತನು ಸಹ ಹೀಗೆಯೇ ನಡೆದನು. ನಾಯಿನೆಂಬ ಊರಿನ ವಿಧವೆಯ ಮಗನನ್ನು ಎಬ್ಬಿಸಿದ ಮೇಲೆ, ಜೀವಕೊಟ್ಟವನು ನಾನಾದ್ದರಿಂದ ಇವನು ನನ್ನವನೆಂದು ಹೇಳಿ ತನ್ನ ಹಿಂದೆ ಕರಕೊಂಡು ಹೋಗಲಿಲ್ಲ. ಅವನನ್ನು ತಾಯಿಗೆ ಕೊಟ್ಟನೆಂದು ಲೂಕನು ಏಳನೆಯ ಅಧ್ಯಾಯದಲ್ಲಿ ತಿಳಿಸುತ್ತಾನೆ. ದೆವ್ವ ಹಿಡಿದಿದ್ದ ಹುಡುಗನನ್ನು ಸ್ವಸ್ಥಮಾಡಿ ತಂದೆಗೆ ಒಪ್ಪಿಸಿದನು. ಯಾಯೀರನ ಮಗಳನ್ನು ಎಬ್ಬಿಸಿ, ಊಟ ಕೊಡಿರೆಂದು ಮನೆಯವರಿಗೇ ಅಪ್ಪಣೆಮಾಡಿದನು. ಜೀವದ ಒಡೆಯನೇ ಮಕ್ಕಳನ್ನು ಹೆತ್ತವರ ಕೈಗೆ ಹಿಂದಕ್ಕೆ ಕೊಡುವವನಾಗಿರುವಾಗ, ಆತನ ಸೇವಕರು ಮಕ್ಕಳನ್ನು ಕಸಕೊಳ್ಳುವದು ಹೇಗೆ?

ಇಲ್ಲಿ ಯಾರಾದರೂ, ಹಾಗಾದರೆ ಮಿಷನ್ನಿನ ಅನಾಥಶಾಲೆಗಳೂ ಬೋರ್ಡಿಂಗುಗಳೂ ತಪ್ಪೋ ಎಂದು ಕೇಳಬಹುದು. ಹಾಗಲ್ಲ. 1876ರಿಂದ 1878ರ ವರೆಗೆ ದೇಶವನ್ನು ಹಾಳುಮಾಡಿದ ದೊಡ್ಡ ಬರದಲ್ಲಿ ತಂದೆತಾಯಿಗಳು ಸತ್ತು ದಿಕ್ಕಿಲ್ಲದೆ ಹೋದ ಮಕ್ಕಳನ್ನು ಎತ್ತಿ ಸಾಕಿದ್ದು ಕ್ರಿಸ್ತನ ಪ್ರೀತಿಯ ಕೆಲಸವೇ ಸರಿ. ಹೆತ್ತವರು ಮನಃಪೂರ್ವಕವಾಗಿ ಕಳುಹಿಸಿ, ಇಷ್ಟಬಂದಾಗ ನೋಡಿ, ರಜೆಯಲ್ಲಿ ಕರಕೊಂಡು ಹೋಗುವ ವಸತಿಶಾಲೆಯೂ ಒಳ್ಳೇದೇ. ಮನೆಯಿಲ್ಲದ ಮಗುವಿಗೆ ಮನೆಯನ್ನು ಕೊಡುವದು ಬೇರೆ. ಮನೆಯುಳ್ಳ ಮಗುವಿನಿಂದ ಮನೆಯನ್ನು ಕಸಕೊಳ್ಳುವದು ಬೇರೆ.

ಈ ಎರಡರ ಭೇದವನ್ನು ಮರೆತಲ್ಲಿ ಎಂಥ ಫಲವಾಗುತ್ತದೆಂಬದಕ್ಕೆ ಕೆನಡಾ ದೇಶವು ಸಾಕ್ಷಿಯಾಗಿದೆ. ಅಲ್ಲಿಯ ಮೂಲನಿವಾಸಿಗಳ ಸುಮಾರು 1,50,000 ಮಕ್ಕಳನ್ನು ನೂರು ವರುಷಗಳಿಗಿಂತ ಹೆಚ್ಚು ಕಾಲ ವಸತಿಶಾಲೆಗಳಿಗೆ ಸೇರಿಸಿದರು. ಹಣ ಸರಕಾರದ್ದು, ನಡಿಸಿದವರು ಹೆಚ್ಚಾಗಿ ರೋಮನ್ ಕಥೋಲಿಕ, ಆಂಗ್ಲಿಕನ್, ಪ್ರೆಸ್ಬಿತೇರಿಯನ್, ಮೆಥೊದಿಸ್ತ್ ಸಭೆಗಳವರು. ಮಕ್ಕಳ ಕೂದಲನ್ನು ಕತ್ತರಿಸಿದರು; ತಾಯಿನುಡಿಯನ್ನು ಆಡಿದರೆ ಶಿಕ್ಷಿಸಿದರು. ಸಾವಿರಾರು ಮಕ್ಕಳು ಮನೆಗೆ ತಿರಿಗಿ ಬಾರದೆ ರೋಗದಿಂದಲೂ ಅನಾದರದಿಂದಲೂ ಸತ್ತರು. 1973ರಲ್ಲಿ ಆರು ವರುಷದ ಒಬ್ಬ ಹುಡುಗಿಯು ಅಜ್ಜಿ ಕೊಡಿಸಿದ ಕಿತ್ತಳೆ ಬಣ್ಣದ ಹೊಸ ಅಂಗಿಯನ್ನು ತೊಟ್ಟು ಶಾಲೆಗೆ ಹೋದಾಗ, ಮೊದಲನೆಯ ದಿನವೇ ಅದನ್ನು ಕಳಚಿ ತೆಗೆದುಕೊಂಡರು, ತಿರಿಗಿ ಕೊಡಲಿಲ್ಲ. ಆಕೆಯ ಹೆಸರು ಫಿಲ್ಲಿಸ್ ವೆಬ್‌ಸ್ಟಾಡ್. ಆಕೆಯು ಈ ಸಂಗತಿಯನ್ನು ಬಹಿರಂಗವಾಗಿ ಹೇಳಿದ್ದರಿಂದ 2013ರಿಂದ ಸಪ್ಟಂಬರ್ 30ರಂದು ಅಲ್ಲಿಯ ಜನರು ಕಿತ್ತಳೆ ಬಣ್ಣದ ಅಂಗಿಯನ್ನು ತೊಡುತ್ತಾರೆ. 2021ರಿಂದ ಅದು ಸತ್ಯದ ಮತ್ತು ಸಮಾಧಾನದ ರಾಷ್ಟ್ರೀಯ ದಿನವಾಗಿದೆ. ಆಸ್ಟ್ರೇಲಿಯದಲ್ಲಿಯೂ ಇಂಥದೇ ನಡೆದು, 1998ರಿಂದ ಮೇ 26ನ್ನು ದುಃಖದಿಂದ ಆಚರಿಸುತ್ತಾರೆ.

ಮೂರನೆಯದಾಗಿ, ಕೆಟ್ಟುಹೋದ ಸಂಬಂಧವು ಸರಿಯಾಗುವ ಕ್ರಮ ಯಾವದು?

ಇದಕ್ಕೆ ನೆಹೆಮೀಯನ ಪುಸ್ತಕದ ಐದನೆಯ ಅಧ್ಯಾಯವು ಉತ್ತರ ಕೊಡುತ್ತದೆ. ಅಲ್ಲಿಯೂ ಬಡವರ ಗಂಡುಮಕ್ಕಳೂ ಹೆಣ್ಣುಮಕ್ಕಳೂ ಸಾಲದ ದೆಸೆಯಿಂದ ದಾಸತ್ವಕ್ಕೆ ಹೋಗುತ್ತಿದ್ದರು. ಯೆರೂಸಲೇಮಿನ ಗೋಡೆಯನ್ನು ಕಟ್ಟುವ ಪರಿಶುದ್ಧ ಕೆಲಸ ನಡೆಯುತ್ತಿರುವಾಗಲೇ ಈ ಕೂಗು ಎದ್ದಿತು. ದೇವರ ಕೆಲಸ ಅವಸರದ್ದು, ಈ ದೂರು ಆಮೇಲೆ ಬರಲಿ ಎಂದು ನೆಹೆಮೀಯನು ಹೇಳಲಿಲ್ಲ. ಮೊದಲು ಕೇಳಿದನು, ಆಮೇಲೆ ದೊಡ್ಡ ಸಭೆಯನ್ನು ಕೂಡಿಸಿ ಎಲ್ಲರ ಎದುರಿನಲ್ಲಿ ಸತ್ಯವನ್ನಾಡಿದನು, ಆಮೇಲೆ ತೆಗೆದುಕೊಂಡದ್ದನ್ನು ಹಿಂದಕ್ಕೆ ಕೊಡಿಸಿದನು. ಕೇಳುವದು, ಸತ್ಯವನ್ನಾಡುವದು, ಹಿಂದಕ್ಕೆ ಕೊಡುವದು: ಸಮಾಧಾನಕ್ಕೆ ಈ ಮೂರೇ ಮೆಟ್ಟಲುಗಳು. ಮೊದಲಿನ ಎರಡನ್ನು ಹಾರಿ ಮೂರನೆಯದಕ್ಕೆ ಹೋಗುವದು ಭಿಕ್ಷೆ. ಮೂರನ್ನೂ ಬಿಟ್ಟು, ಆದದ್ದಾಯಿತು ಮರೆತುಬಿಡಿರಿ ಎನ್ನುವದು ಗಾಯದ ಮೇಲೆ ಬಟ್ಟೆ ಹೊದಿಸಿದಂತೆ.

ಕೆನಡಾದ ಸಂಯುಕ್ತ ಸಭೆಯು 1986ರಲ್ಲಿಯೂ ಪುನಃ 1998ರಲ್ಲಿಯೂ, ಆಂಗ್ಲಿಕನ್ ಸಭೆಯು 1993ರಲ್ಲಿಯೂ, ಪ್ರೆಸ್ಬಿತೇರಿಯನ್ ಸಭೆಯು 1994ರಲ್ಲಿಯೂ ಮೂಲನಿವಾಸಿಗಳ ಎದುರಿನಲ್ಲಿ ತಪ್ಪನ್ನು ಒಪ್ಪಿಕೊಂಡವು. 2008ರಲ್ಲಿ ಸರಕಾರವು ಪಾರ್ಲಿಮೆಂಟಿನಲ್ಲಿ ಕ್ಷಮೆ ಕೇಳಿತು. ಸತ್ಯವನ್ನು ವಿಚಾರಿಸುವದಕ್ಕೆ ನೇಮಿಸಲ್ಪಟ್ಟ ಮಂಡಲಿಯು ಸಾವಿರಾರು ಮಂದಿಯ ಬಾಯಿಂದ ಕೇಳಿ 2015ರಲ್ಲಿ 94 ಕರ್ತವ್ಯಗಳನ್ನು ಬರೆದು ಕೊಟ್ಟಿತು. ಅವೆಲ್ಲವೂ ಇನ್ನೂ ನೆರವೇರಿಲ್ಲ. ಆದರೂ ಸತ್ಯವು ಬೀದಿಯಲ್ಲಿ ನಿಂತು ಮಾತಾಡಿತು.

ನಮ್ಮ ದೇಶದಲ್ಲಾದರೋ ಕಾಯಿದೆಯು ಮುಂಬಯಿ ಇಲಾಖೆಯಲ್ಲಿ 1949ರಲ್ಲಿ ರದ್ದಾಯಿತು. ದೇಶಕ್ಕೆಲ್ಲಾ 1952ನೇ ಅಗಸ್ಟ್ 31ರಂದು ರದ್ದಾಯಿತು. ಆ ದಿನವನ್ನು ಆ ಜನರು ವಿಮುಕ್ತಿಯ ದಿನವೆಂದು ಆಚರಿಸುತ್ತಾರೆ. ಬೇಲಿ ಬಿತ್ತು, ಹೆಸರು ಬೀಳಲಿಲ್ಲ. ರೂಢಿಯ ಅಪರಾಧಿಗಳೆಂಬ ಬೇರೆ ಕಾಯಿದೆಗಳು ಬೇರೆ ಬೇರೆ ಸಂಸ್ಥಾನಗಳಲ್ಲಿ ಹುಟ್ಟಿದವು. 2024ನೇ ಅಕ್ಟೋಬರ್ 3ರಂದು ದೇಶದ ಸರ್ವೋಚ್ಚ ನ್ಯಾಯಾಲಯವು ಸೆರೆಮನೆಗಳ ನಿಯಮಗಳಲ್ಲಿದ್ದ ಜಾತಿಭೇದವನ್ನು ತೆಗೆದುಹಾಕುವಾಗ, ಈ ಜನಾಂಗಗಳನ್ನು ಹುಟ್ಟಿನಿಂದ ಅಪರಾಧಿಗಳೆಂಬಂತೆ ಕಾಣುವ ಹಳೇ ಭಾವನೆಯನ್ನೂ ಖಂಡಿಸಬೇಕಾಯಿತು. ಕಾಯಿದೆಯು ಸತ್ತು ಎಪ್ಪತ್ತು ವರುಷಗಳಾದರೂ ಅದರ ನೆರಳು ಸತ್ತಿರಲಿಲ್ಲ.

ನಾವು ಈ ಕರಾವಳಿಯವರು, ಕಸಕೊಂಡ ಮಕ್ಕಳ ದುಃಖವನ್ನು ಅರಿಯದವರಲ್ಲ. 1784ನೇ ಇಸವಿಯಲ್ಲಿ ಟಿಪ್ಪು ಸುಲ್ತಾನನ ಅಪ್ಪಣೆಯಿಂದ ಕನ್ನಡ ಜಿಲ್ಲೆಯ ಕಥೋಲಿಕ ಕ್ರೈಸ್ತರನ್ನು ಹೆಂಗಸರು ಮಕ್ಕಳ ಸಹಿತ ಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಒಯ್ದರು. ಹರೆಯದ ಹುಡುಗರನ್ನು ಬೇರೆಮಾಡಿ, ಮತವನ್ನೂ ಹೆಸರನ್ನೂ ಬದಲಾಯಿಸಿ, ದಂಡಿಗೆ ಸೇರಿಸಿದರು. 1799ರ ತರುವಾಯ ಉಳಿದವರು ತಿರಿಗಿ ಬಂದರು. ಎಷ್ಟೋ ಮಂದಿ ಬರಲೇ ಇಲ್ಲ. ಆ ಮನೆತನಗಳು ಅದನ್ನು ಇಂದಿಗೂ ಮರೆತಿಲ್ಲ. ಮರೆಯಬೇಕೆಂದು ನಾವು ಹೇಳುವದೂ ಇಲ್ಲ. ಆದರೆ ಎರಡು ಮಾತುಗಳನ್ನು ಮನಸ್ಸಿನಲ್ಲಿಡಬೇಕು. ಒಂದು, ಆ ಅರಸನ ಕೆಲಸಕ್ಕೆ ಈ ಹೊತ್ತು ಭಟ್ಕಳದಲ್ಲಿಯೂ ಹೊನ್ನಾವರದಲ್ಲಿಯೂ ನಮ್ಮ ನೆರೆಯಲ್ಲಿ ಅಂಗಡಿಯಿಟ್ಟು ದೋಣಿ ಹಾಕಿ ಬದುಕುವ ಮುಸಲ್ಮಾನ ಸಹೋದರರನ್ನು ಹೊಣೆಮಾಡುವದು ಅಧರ್ಮ. ಹುಟ್ಟಿನಿಂದ ಅಪರಾಧವನ್ನು ಎಣಿಸುವ ಕಾಯಿದೆಗೂ ಅದಕ್ಕೂ ಭೇದವಿಲ್ಲ. ಎರಡನೆಯದು, ಕ್ರೈಸ್ತರ ಮಕ್ಕಳನ್ನು ಇತರರು ಕಸಕೊಂಡದ್ದನ್ನು ನೆನಸಿ, ಇತರರ ಮಕ್ಕಳನ್ನು ಕ್ರೈಸ್ತರು ಕಸಕೊಂಡದ್ದನ್ನು ಮರೆಯುವ ನೆನಪು ಅರ್ಧ ನೆನಪು. ರಾಮದಲ್ಲಿ ರಾಹೇಲಳು ಅತ್ತ ಅಳುವನ್ನು ಕೇಳಿದ ದೇವರು ಹುಬ್ಬಳ್ಳಿಯ ಸೆಟ್ಲಮೆಂಟಿನ ತಾಯಂದಿರ ಅಳುವನ್ನೂ ಕೇಳಿದ್ದಾನೆ.

ಹಾಗಾದರೆ ಮಾವಳ್ಳಿಯಂಥ ಹಳ್ಳಿಯ ಸಣ್ಣ ಸಭೆಗಳವರು ಏನು ಮಾಡತಕ್ಕದ್ದು?

ಮೊದಲು ನಾಲಿಗೆಯನ್ನು ಶುದ್ಧಮಾಡಿಕೊಳ್ಳುವದು. ಕಳ್ಳ ಜಾತಿ ಎಂಬ ಮಾತು ಕ್ರೈಸ್ತನ ಮನೆಯಲ್ಲಿ ಹುಟ್ಟಬಾರದು. ಒಂದು ಜನಾಂಗದ ಹೆಸರನ್ನು ಬೈಗಳಾಗಿ ಉಪಯೋಗಿಸುವದನ್ನು ನಮ್ಮ ಮಕ್ಕಳು ನಮ್ಮ ಬಾಯಿಂದ ಕಲಿಯಬಾರದು.

ಎರಡನೆಯದು, ಸಂಶಯವನ್ನು ತಡೆಯುವದು. ಜಾತ್ರೆಯ ಕಾಲದಲ್ಲಿ ಮುರ್ಡೇಶ್ವರಕ್ಕೆ ಘಟ್ಟದ ಮೇಲಿನಿಂದ ಬುಟ್ಟಿ, ಮಣಿಸರ, ಪಿನ್ನು ಮಾರುವವರು ಬಂದು ಮರದ ಕೆಳಗೆ ಇಳಿದುಕೊಂಡಿರುವಾಗ, ಊರಲ್ಲಿ ಒಂದು ಚೊಂಬು ಕಳೆದರೆ ಮೊದಲು ಕೈ ಯಾರ ಕಡೆಗೆ ತೋರುತ್ತದೆ? ಆಗ ಸಭೆಯವರಲ್ಲಿ ಒಬ್ಬನಾದರೂ ಎದ್ದು, ಸಾಕ್ಷಿಯಿಲ್ಲದೆ ಯಾರನ್ನೂ ದೂರಬಾರದೆಂದು ಧೈರ್ಯದಿಂದ ಹೇಳಲಿ. ಅಂಥ ಒಂದು ಮಾತಿಗೆ ಖರ್ಚುಂಟು. ಊರವರು ಬೇಸರಪಟ್ಟಾರು, ಅಂಗಡಿಯಲ್ಲಿ ಉದ್ದರಿ ನಿಂತೀತು. ಆದರೂ ಹೇಳತಕ್ಕದ್ದು.

ಮೂರನೆಯದು, ಪಾತ್ರೆಗಳನ್ನು ಕೊಡುವದು. ವಿಧವೆಯ ಎಣ್ಣೆ ವಿಧವೆಯದೇ. ನೆರೆಯವರು ಕೊಟ್ಟದ್ದು ಬರಿದಾದ ಪಾತ್ರೆಗಳನ್ನು ಮಾತ್ರ. ತಿರುಗಾಡುವ ಕುಟುಂಬದ ಮಗುವಿಗೆ ಶಾಲೆಯಲ್ಲಿ ಹೆಸರು ಹಚ್ಚುವದಕ್ಕೆ ಕಾಗದ ಬರೆದುಕೊಡುವದು, ಜಾತಿಯ ದಾಖಲೆಗೋಸ್ಕರ ತಹಶೀಲದಾರರ ಕಚೇರಿಗೆ ತಂದೆಯ ಸಂಗಡ ಹೋಗುವದು, ಮಳೆಗಾಲದಲ್ಲಿ ಸಭೆಯ ಜಗಲಿಯನ್ನು ಬಿಟ್ಟುಕೊಡುವದು: ಇವೇ ನಮ್ಮ ಪಾತ್ರೆಗಳು. ಇವುಗಳನ್ನು ಕೊಟ್ಟದ್ದಕ್ಕೆ ಮಗುವಿನ ಹೆಸರನ್ನಾಗಲಿ ಮಾತನ್ನಾಗಲಿ ದೇವರನ್ನಾಗಲಿ ಬದಲಾಗಿ ಕೇಳತಕ್ಕದ್ದಲ್ಲ. ಸುವಾರ್ತೆಯು ಕೊಂಡುಕೊಳ್ಳುವ ಸರಕಲ್ಲ. ತಾಯಿಯ ಕಣ್ಣೀರಿನ ಕ್ರಯಕ್ಕಂತೂ ಅದನ್ನು ಎಂದಿಗೂ ಮಾರಬಾರದು.

ನಾಲ್ಕನೆಯದು, ಅಗಸ್ಟ್ 31ರ ಸಮೀಪದ ಆದಿತ್ಯವಾರದಲ್ಲಿ ಈ ವೇದಭಾಗವನ್ನು ಓದಿ, ತಾಯಿಯಿಂದ ಅಗಲಿಸಲ್ಪಟ್ಟ ಮಕ್ಕಳಿಗೋಸ್ಕರವೂ ಮಕ್ಕಳನ್ನು ಕಾಣದೆ ಸತ್ತ ತಾಯಂದಿರಿಗೋಸ್ಕರವೂ ಸ್ವಲ್ಪ ಹೊತ್ತು ಮೌನವಾಗಿ ನಿಲ್ಲುವದು. ಆ ಜನರಲ್ಲಿ ಯಾರಾದರೂ ಹತ್ತಿರ ಇದ್ದರೆ ಅವರನ್ನು ಕರೆದು, ಅವರು ಹೇಳುವದನ್ನು ಕೇಳುವದು. ಅವರಿಗೆ ಪ್ರಸಂಗ ಮಾಡುವದಕ್ಕಲ್ಲ.

ಪ್ರಿಯರೇ, ಸಮಾಧಾನದ ಸೇವೆಯು ತನ್ನ ಸಭೆಗೆ ಒಪ್ಪಿಸಲ್ಪಟ್ಟಿದೆಯೆಂದು ಅಪೊಸ್ತಲನಾದ ಪೌಲನು ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯಲ್ಲಿ ತಿಳಿಸುತ್ತಾನೆ. ಆ ಸೇವೆಯು ಮೇಲಿನ ಪೀಠದಲ್ಲಿ ಕೂತು ಮಾಡುವಂಥದ್ದಲ್ಲ. ಎಲೀಷನಂತೆ ಬಾಗಲ ಹೊರಗೆ ನಿಂತು, ಒಳಗೆ ತಾಯಿಯೂ ಮಕ್ಕಳೂ ಕೂಡಿ ಕೆಲಸಮಾಡುವ ಸದ್ದನ್ನು ಕೇಳಿ ಸಂತೋಷಪಡುವವರಿಗೇ ಅದು ಕೈಗೂಡುವದು.

ಮಕ್ಕಳನ್ನು ಹೆತ್ತವರ ಕೈಗೆ ಹಿಂದಕ್ಕೆ ಕೊಟ್ಟ ಕರ್ತನೇ, ಕಸಕೊಳ್ಳಲ್ಪಟ್ಟವರನ್ನು ನೀನು ಮರೆತಿಲ್ಲ. ನಿನ್ನ ಸಭೆಗೆ ಕೇಳುವ ಕಿವಿಯನ್ನೂ ಸತ್ಯವನ್ನಾಡುವ ಬಾಯನ್ನೂ ಹಿಂದಕ್ಕೆ ಕೊಡುವ ಕೈಯನ್ನೂ ಅನುಗ್ರಹಿಸು. ಆಮೆನ್.